ಐನೂರು ಜನ ದುಡಿಯುವ ಕಾರ್ಖಾನೆ ನಮ್ಮಲ್ಲಿ ಏಕೆ ಅಪರೂಪ?

ಪ್ರಶ್ನೆ: ತುಮಕೂರು ಕಡೆಯ ಉಪನ್ಯಾಸಕಿ

ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ಕಳೆದ ವಾರ ಬಿ.ಎ. ತರಗತಿಯಲ್ಲಿ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ 1954ರಲ್ಲಿ ಮಂಡಿಸಿದ ಎರಡು ವಲಯಗಳ ಸಿದ್ಧಾಂತವನ್ನು ವಿವರಿಸುತ್ತಿದ್ದೆ. ಹೊಲದಲ್ಲಿ ಅಗತ್ಯಕ್ಕಿಂತ ಹೆಚ್ಚು ಕೈಗಳಿವೆ, ಅವುಗಳಲ್ಲಿ ಕೆಲವು ಹೊರಟುಹೋದರೂ ಬೆಳೆ ಕಡಿಮೆಯಾಗುವುದಿಲ್ಲ, ಆ ಕೈಗಳು ಕಾರ್ಖಾನೆ ಸೇರಿದರೆ ದೇಶದ ಒಟ್ಟು ಉತ್ಪನ್ನ ಹೆಚ್ಚುತ್ತದೆ, ಬಂದ ಲಾಭವನ್ನು ಮಾಲೀಕರು ಮತ್ತೆ ಹೂಡಿದಂತೆಲ್ಲ ಇನ್ನಷ್ಟು ಕೈಗಳಿಗೆ ಕೆಲಸ ಸಿಗುತ್ತದೆ ಎಂಬಲ್ಲಿಗೆ ಪಾಠ ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ಅಣ್ಣ ಬೆಂಗಳೂರಿನಲ್ಲಿ ಬೈಕಿನ ಮೇಲೆ ಮನೆಮನೆಗೆ ಊಟದ ಪೊಟ್ಟಣ ತಲುಪಿಸುತ್ತಾನಂತೆ. ರಾಗಿ ಕೊಯ್ಲಿಗೆ ಊರಿಗೆ ಬಂದು, ಕಣದ ಕೆಲಸ ಮುಗಿಸಿ ಮತ್ತೆ ಹೋಗುತ್ತಾನಂತೆ. "ಅವನು ಯಾವ ವಲಯಕ್ಕೆ ಸೇರುತ್ತಾನೆ ಮೇಡಂ?" ಎಂದು ಕೇಳಿದ. "ಸೇವಾ ವಲಯ" ಎಂದು ಹೇಳಿ ಮುಂದಿನ ಪುಟಕ್ಕೆ ಹೋದೆ. ಆದರೆ ಆ ಉತ್ತರ ನನಗೇ ಒಪ್ಪಿಗೆಯಾಗಿಲ್ಲ.

ಮನೆಗೆ ಬಂದು ಅಂಕಿಅಂಶ ತೆಗೆದು ನೋಡಿದೆ. 2023–24ರ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ದುಡಿಯುವವರಲ್ಲಿ ಶೇ 46ರಷ್ಟು ಜನ ಇನ್ನೂ ಕೃಷಿಯಲ್ಲಿದ್ದಾರೆ. ಆದರೆ ಒಟ್ಟು ಮೌಲ್ಯವರ್ಧನೆಯಲ್ಲಿ ಕೃಷಿಯ ಪಾಲು ಸುಮಾರು ಶೇ 18 ಮಾತ್ರ. ತಯಾರಿಕಾ ವಲಯದಲ್ಲಿ ದುಡಿಯುವವರು ಶೇ 11ರ ಆಸುಪಾಸಿನಲ್ಲಿದ್ದಾರೆ. 2018–19ರಲ್ಲಿ ಕೃಷಿಯ ಪಾಲು ಶೇ 42ರ ಸಮೀಪಕ್ಕೆ ಇಳಿದಿತ್ತು, ಕೊರೋನಾ ಬಂದ ಮೇಲೆ ಏರಿತು, ಏರಿದ್ದು ಮತ್ತೆ ಹಾಗೆ ಇಳಿಯಲಿಲ್ಲ. ಬೆಳವಣಿಗೆಯ ದರ ಚೆನ್ನಾಗಿಯೇ ಇರುವ ದೇಶದಲ್ಲಿ ಜನ ಕಾರ್ಖಾನೆಯಿಂದ ಹೊಲದತ್ತ ಹಿಂತಿರುಗುವುದನ್ನು ಲೂಯಿಸ್ ಸಿದ್ಧಾಂತದ ಯಾವ ಪುಟದಲ್ಲಿಟ್ಟು ಪಾಠ ಮಾಡಲಿ?

ನನ್ನ ಪ್ರಶ್ನೆ ಇಷ್ಟು. ದಕ್ಷಿಣ ಕೊರಿಯಾವೂ ಕೃಷಿ ಪ್ರಧಾನ ದೇಶವಾಗಿತ್ತು, ಬಾಂಗ್ಲಾದೇಶವೂ ಅಷ್ಟೇ. ಅವರಲ್ಲಿ ಕಾರ್ಖಾನೆಗಳು ಹಳ್ಳಿಯ ಜನರನ್ನು ಸೆಳೆದುಕೊಂಡವು, ನಮ್ಮಲ್ಲಿ ಆ ಪ್ರಮಾಣದಲ್ಲಿ ಏಕೆ ಆಗಲಿಲ್ಲ? ಒಂದು ದೇಶದಲ್ಲಿ ಯಾವ ಬಗೆಯ ಕೈಗಾರಿಕೆ, ಯಾವ ಗಾತ್ರದಲ್ಲಿ, ಯಾವ ಕ್ರಮದಲ್ಲಿ ಬಂತು ಎಂಬುದು ಆ ದೇಶದ ಮುಂದಿನ ಬೆಳವಣಿಗೆಯನ್ನು ನಿಜಕ್ಕೂ ನಿರ್ಧರಿಸುತ್ತದೆಯೇ? ಪಠ್ಯದ ಉತ್ತರ ನನ್ನ ಬಳಿ ಇದೆ. ಕಾರ್ಖಾನೆಯ ಒಳಗನ್ನು ಕಂಡವರ ಉತ್ತರ ಬೇಕಾಗಿದೆ.

ಪ್ರತಿಕ್ರಿಯೆ 1: ಧಾರವಾಡದ ನಿವೃತ್ತ ಸಂಶೋಧಕ

ಮೇಡಂ, ನಿಮ್ಮ ವಿದ್ಯಾರ್ಥಿ ಲೂಯಿಸ್ ಸಿದ್ಧಾಂತದ ಸಡಿಲವಾದ ಹಲಗೆಯ ಮೇಲೆಯೇ ಕಾಲಿಟ್ಟಿದ್ದಾನೆ. ಆಧುನಿಕ ವಲಯ ಬೆಳೆದರೆ ಅದಕ್ಕೆ ಜನ ಬೇಕೇ ಬೇಕು ಎಂದು ಆ ಸಿದ್ಧಾಂತ ನಂಬುತ್ತದೆ. ಆದರೆ ಎಷ್ಟು ಜನ ಬೇಕು ಎಂಬುದು ಆ ವಲಯ ಏನನ್ನು ತಯಾರಿಸುತ್ತದೆ ಎಂಬುದರ ಮೇಲೆ ನಿಂತಿದೆ. ಒಂದು ತೈಲ ಶುದ್ಧೀಕರಣ ಘಟಕಕ್ಕೆ ಸುರಿಯುವ ಹಣದಲ್ಲಿ ಎಷ್ಟು ಹೊಲಿಗೆ ಕಾರ್ಖಾನೆ ತೆರೆಯಬಹುದು, ಎರಡೂ ಕಡೆ ಎಷ್ಟೆಷ್ಟು ಜನಕ್ಕೆ ಹಾಜರಿ ಪುಸ್ತಕದಲ್ಲಿ ಹೆಸರು ಬರುತ್ತದೆ ಎಂದು ಲೆಕ್ಕ ಹಾಕಿದರೆ ಸಾಕು. ನಮ್ಮ ರಫ್ತಿನ ಪಟ್ಟಿಯಲ್ಲಿ ಎದ್ದು ಕಾಣುವುದು ಸಂಸ್ಕರಿಸಿದ ತೈಲ, ಔಷಧ, ಎಂಜಿನಿಯರಿಂಗ್ ಸರಕು ಮತ್ತು ಸಾಫ್ಟ್‌ವೇರ್. ಇವೆಲ್ಲ ಹೆಚ್ಚು ಬಂಡವಾಳವನ್ನೋ ಹೆಚ್ಚು ಓದನ್ನೋ ಬೇಡುವಂಥವು. ನಮ್ಮಲ್ಲಿ ಹೇರಳವಾಗಿರುವುದು ಇವೆರಡೂ ಅಲ್ಲ.

ಇದು ತಾನಾಗಿ ಆದದ್ದೂ ಅಲ್ಲ. 1956ರಲ್ಲಿ ಆರಂಭವಾದ ಎರಡನೇ ಪಂಚವಾರ್ಷಿಕ ಯೋಜನೆಯ ಹಿಂದೆ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಚಿಂತನೆ ಇತ್ತು. ಯಂತ್ರಗಳನ್ನು ತಯಾರಿಸುವ ಯಂತ್ರಗಳು ಮೊದಲು ನಮ್ಮಲ್ಲೇ ಆಗಬೇಕು, ಉಕ್ಕು ಮೊದಲು, ಬಟ್ಟೆ ಆಮೇಲೆ. ಭಿಲಾಯ್, ರೂರ್ಕೆಲಾ, ದುರ್ಗಾಪುರ ಬಂದದ್ದು ಹಾಗೆ. ಭಾರಿ ಉದ್ಯಮ ಹೆಚ್ಚು ಜನಕ್ಕೆ ಕೆಲಸ ಕೊಡುವುದಿಲ್ಲ ಎಂಬುದು ಯೋಜಕರಿಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಆ ಹೊಣೆಯನ್ನು ಅವರು ಕೈಮಗ್ಗ ಮತ್ತು ಗುಡಿ ಕೈಗಾರಿಕೆಗಳ ಹೆಗಲಿಗೆ ಹಾಕಿದರು, ಮತ್ತು ಆ ಹೆಗಲು ಮುರಿಯದಿರಲೆಂದು ದೊಡ್ಡವರನ್ನು ದೂರವಿಟ್ಟರು. 1967ರಲ್ಲಿ 47 ವಸ್ತುಗಳನ್ನು ಸಣ್ಣ ಕೈಗಾರಿಕೆಗೆಂದು ಮೀಸಲಿಟ್ಟ ಪಟ್ಟಿ ಬೆಳೆಯುತ್ತ ಬೆಳೆಯುತ್ತ 800ನ್ನು ದಾಟಿತು. ಸಿದ್ಧ ಉಡುಪು, ಆಟಿಕೆ, ಚರ್ಮದ ಸಾಮಾನು, ಹೀಗೆ ಹಳ್ಳಿಯಿಂದ ಬಂದ ಹೆಣ್ಣುಮಗಳೊಬ್ಬಳು ಮೂರು ತಿಂಗಳಲ್ಲಿ ಕಲಿಯಬಹುದಾದ ಕೆಲಸಗಳೆಲ್ಲ ಆ ಪಟ್ಟಿಯಲ್ಲಿದ್ದವು. ಅವುಗಳಲ್ಲಿ ಯಾರೂ ದೊಡ್ಡವರಾಗುವಂತಿರಲಿಲ್ಲ. ಹೀಗೆ ಮೇಲೆ ಉಕ್ಕಿನ ಕುಲುಮೆ, ಕೆಳಗೆ ನಾಲ್ಕು ಹೊಲಿಗೆ ಯಂತ್ರದ ಕೋಣೆ, ನಡುವೆ ಖಾಲಿ ಎಂಬಂಥ ರಚನೆ ನಮ್ಮದಾಯಿತು. ಅಂಕಣದ ಕಂಬಗಳಿದ್ದು ತೊಲೆಯಿಲ್ಲದ ಮನೆಯ ಹಾಗೆ.

ಕೊರಿಯಾ ಭಾರಿ ಉದ್ಯಮವನ್ನು ಬಿಟ್ಟಿತು ಎಂದು ಕೆಲವರು ಹೇಳುವುದುಂಟು, ಅದು ತಪ್ಪು. 1973ರಲ್ಲಿ ಪಾರ್ಕ್ ಚುಂಗ್ ಹೀ ಸರ್ಕಾರ ಉಕ್ಕು, ಹಡಗು, ರಾಸಾಯನಿಕಗಳಿಗೆ ಕೈಹಾಕಿತು, ಅದೇ ವರ್ಷ ಪೋಹಾಂಗ್‌ನ ಕಾರ್ಖಾನೆಯಲ್ಲಿ ಉಕ್ಕು ಹರಿಯಿತು. ಆ ಕಾರ್ಖಾನೆ ಲಾಭದಾಯಕವಲ್ಲವೆಂದು ವಿಶ್ವಬ್ಯಾಂಕ್ ಬೆಂಬಲ ಕೊಡದೆ ಹೋದಾಗ, 1965ರ ಒಪ್ಪಂದದಂತೆ ಜಪಾನ್ ಕೊಟ್ಟ ಹಣವನ್ನು ಅದಕ್ಕೆ ತಿರುಗಿಸಿದರು. ಆದರೆ ಅದಕ್ಕೆ ಮೊದಲಿನ ಒಂದು ದಶಕ ಅವರು ವಿಗ್, ಪ್ಲೈವುಡ್, ಬಟ್ಟೆ ತಯಾರಿಸಿ ಹೊರದೇಶಕ್ಕೆ ಮಾರುತ್ತಿದ್ದರು. ಜನ ಆಗಲೇ ಹೊಲದಿಂದ ಕಾರ್ಖಾನೆಗೆ ಬಂದಿದ್ದರು, ಡಾಲರ್ ಬರುತ್ತಿತ್ತು, ಮೇಸ್ತ್ರಿ ಮತ್ತು ಮ್ಯಾನೇಜರುಗಳ ಒಂದು ತಲೆಮಾರು ಪಳಗಿತ್ತು. ಇನ್ನೊಂದು ಮಾತು: ಸರ್ಕಾರದ ಅಗ್ಗದ ಸಾಲ ಸಿಗುತ್ತಿದ್ದದ್ದು ರಫ್ತಿನ ಗುರಿ ಮುಟ್ಟಿದವರಿಗೆ. ನಮ್ಮಲ್ಲಿ ಪರವಾನಗಿ ಸಿಕ್ಕವನಿಗೆ ಪೈಪೋಟಿಯಿಂದಲೇ ರಕ್ಷಣೆ ಸಿಗುತ್ತಿತ್ತು, ಸರಕು ಹೇಗಿದ್ದರೂ ಕೊಳ್ಳುವವರು ಸಾಲಿನಲ್ಲಿ ನಿಂತಿರುತ್ತಿದ್ದರು. ಕೊರಿಯಾದ ಈ ಶಿಸ್ತಿನ ಹಿಂದೆ ಸೇನಾ ಆಡಳಿತವಿತ್ತು, ಕಾರ್ಮಿಕ ಸಂಘಗಳ ಬಾಯಿ ಕಟ್ಟಿತ್ತು ಎಂಬುದನ್ನು ಮರೆತು ಅದನ್ನು ಹೊಗಳುವವನು ನಾನಲ್ಲ. 1950ರ ಸುಮಾರಿಗೆ ಅಲ್ಲಿ ಆದ ಭೂ ಸುಧಾರಣೆಯನ್ನೂ ಮರೆಯಬಾರದು. ಭೂಮಿ ಹಂಚಿಹೋದ ದೇಶದಲ್ಲಿ ಮಕ್ಕಳು ಶಾಲೆಗೆ ಹೋಗಿದ್ದರು, ಕಾರ್ಖಾನೆಗೆ ಬಂದಾಗ ಸೂಚನಾ ಫಲಕ ಓದಬಲ್ಲವರಾಗಿದ್ದರು.

ನಮ್ಮ ಮೀಸಲು ಪಟ್ಟಿಯಿಂದ ಸಿದ್ಧ ಉಡುಪನ್ನು ತೆಗೆದದ್ದು 2000ದ ಸುಮಾರಿಗೆ, ಕೊನೆಯ 20 ವಸ್ತುಗಳನ್ನು ತೆಗೆದದ್ದು 2015ರಲ್ಲಿ. ಅಷ್ಟರಲ್ಲಿ, 2001ರ ಡಿಸೆಂಬರ್‌ನಲ್ಲಿ, ಚೀನಾ ವಿಶ್ವ ವ್ಯಾಪಾರ ಸಂಸ್ಥೆಯ ಒಳಗೆ ಬಂದಿತ್ತು. ಸಂತೆ ಮುಗಿಯುವ ಹೊತ್ತಿಗೆ ನಾವು ಗಾಡಿ ಕಟ್ಟಿದೆವು. ಇದರ ಜೊತೆಗೆ, ನೂರು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆ ಜನರನ್ನು ತೆಗೆಯಬೇಕಾದರೆ ಸರ್ಕಾರದ ಅನುಮತಿ ಬೇಕೆಂಬ ಕಾನೂನೂ ಇತ್ತು. 1976ರಲ್ಲಿ 300 ಇದ್ದ ಮಿತಿಯನ್ನು 1982ರ ತಿದ್ದುಪಡಿ ನೂರಕ್ಕೆ ಇಳಿಸಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಮತ್ತೆ 300ಕ್ಕೆ ಏರಿಸಿದೆ. ಮಾಲೀಕರು ನೂರರ ಗೆರೆಯ ಈಚೆಗೇ ನಿಂತುಬಿಟ್ಟದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಪ್ರತಿಕ್ರಿಯೆ 2: ಪೀಣ್ಯದ ವರ್ಕ್‌ಶಾಪ್ ಮಾಲೀಕ

ಸರ್ ಬರೆದಿರುವ ಇತಿಹಾಸ ಒಪ್ಪುತ್ತೇನೆ, ಕೊನೆಯ ಪ್ಯಾರಾ ಒಪ್ಪುವುದಿಲ್ಲ. ನೂರು ಜನರ ಗೆರೆಯ ಬಗ್ಗೆ ಪತ್ರಿಕೆಗಳಲ್ಲಿ ಮೂವತ್ತು ವರ್ಷದಿಂದ ಓದುತ್ತಿದ್ದೇನೆ. ನಮ್ಮ ರಸ್ತೆಯಲ್ಲಿ ಆ ಗೆರೆಯನ್ನು ಕಣ್ಣಾರೆ ಕಂಡವರೇ ಕಡಿಮೆ. ನಮ್ಮನ್ನು ತಡೆಯುವ ಗೆರೆಗಳು ಅದಕ್ಕಿಂತ ಬಹಳ ಕೆಳಗಿವೆ.

ನಾನು ಎಚ್.ಎಂ.ಟಿ.ಯಲ್ಲಿ ಅಪ್ರೆಂಟಿಸ್ ಆಗಿ ಟರ್ನರ್ ಕೆಲಸ ಕಲಿತವನು. 1953ರಲ್ಲಿ ಸ್ವಿಟ್ಜರ್ಲೆಂಡಿನವರ ಸಹಯೋಗದಲ್ಲಿ ಲೇತ್ ತಯಾರಿಸಲೆಂದು ಸ್ಥಾಪನೆಯಾದ ಆ ಕಾರ್ಖಾನೆ, ಅದಕ್ಕೂ ಮೊದಲೇ ಬಂದ ಎಚ್.ಎ.ಎಲ್. ಮತ್ತು ಐ.ಟಿ.ಐ., ಆಮೇಲಿನ ಬಿ.ಇ.ಎಲ್., ಬಿ.ಇ.ಎಂ.ಎಲ್., ಇವೆಲ್ಲ ತಮಗೆ ಬೇಕಾದ ಚಿಕ್ಕಪುಟ್ಟ ಭಾಗಗಳನ್ನು ಹೊರಗಿನವರಿಂದ ಮಾಡಿಸತೊಡಗಿದ್ದರಿಂದಲೇ 1970ರ ದಶಕದಲ್ಲಿ ಪೀಣ್ಯ ಎದ್ದು ನಿಂತಿತು. ನಮ್ಮ ರಸ್ತೆಯ ಹಳಬರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಸಾರ್ವಜನಿಕ ಕಾರ್ಖಾನೆಯ ಸಮವಸ್ತ್ರ ತೊಟ್ಟಿದ್ದವರು. ಭಾರಿ ಉದ್ಯಮ ಹೆಚ್ಚು ಜನಕ್ಕೆ ಕೆಲಸ ಕೊಡಲಿಲ್ಲ ಎನ್ನುವಾಗ ಈ ಲೆಕ್ಕವನ್ನೂ ಸೇರಿಸಬೇಕು. ಅದು ಕೊಟ್ಟದ್ದು ಕೈಗುಣ. ನಾನು ಈಗ ಹೈಡ್ರಾಲಿಕ್ ವಾಲ್ವಿಗೆ ಬೇಕಾದ ಸ್ಪೂಲ್ ಮಾಡುತ್ತೇನೆ. ಬೆರಳು ಗಾತ್ರದ ಉಕ್ಕಿನ ಕಡ್ಡಿ. ಅದರ ವ್ಯಾಸದಲ್ಲಿ ಐದು ಮೈಕ್ರಾನ್ ಆಚೀಚೆಯಾದರೆ ಸರಕು ವಾಪಸ್. ತಲೆಗೂದಲಿನ ದಪ್ಪದಲ್ಲಿ ಹತ್ತನೇ ಒಂದು ಪಾಲೂ ಅಲ್ಲ ಅದು. ಗ್ರೈಂಡಿಂಗ್ ಯಂತ್ರದ ಮುಂದೆ ನಿಂತ ಹುಡುಗ ಬೆಳಿಗ್ಗೆ ಯಂತ್ರ ತಣ್ಣಗಿರುವಾಗ ಒಂದು ಅಳತೆ, ಮಧ್ಯಾಹ್ನ ಬಿಸಿಯಾದಾಗ ಇನ್ನೊಂದು ಅಳತೆ ಇಟ್ಟುಕೊಳ್ಳಬೇಕೆಂದು ಯಾವ ಪುಸ್ತಕದಿಂದಲೂ ಕಲಿಯುವುದಿಲ್ಲ. ಪಕ್ಕದಲ್ಲಿ ನಿಂತವನಿಂದ ಕಲಿಯುತ್ತಾನೆ. ಆ ಪಕ್ಕದಲ್ಲಿ ನಿಂತವನು ಎಲ್ಲೋ ಒಂದು ದೊಡ್ಡ ಕಾರ್ಖಾನೆಯಲ್ಲಿ ಕಲಿತಿರಬೇಕಾಗುತ್ತದೆ.

ಇಷ್ಟಿದ್ದರೂ ನನ್ನಲ್ಲಿರುವುದು ಹದಿನೆಂಟು ಜನ. ಏಕೆ ಎಂದು ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಇಪ್ಪತ್ತನೆಯವನನ್ನು ಸೇರಿಸಿದ ದಿನ ಭವಿಷ್ಯ ನಿಧಿಯ ಕಾನೂನು ಎಲ್ಲರಿಗೂ ಅನ್ವಯವಾಗುತ್ತದೆ. ಕೊಡಬಾರದೆಂದಲ್ಲ, ಕೊಡಬೇಕಾದದ್ದೇ, ಆದರೆ ಕೊಡಲು ಹಣ ಕೈಯಲ್ಲಿರಬೇಕು. ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಪಾವತಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ. ನನ್ನ ದೊಡ್ಡ ಗ್ರಾಹಕ ಸಂಸ್ಥೆಯಿಂದ (ಹೆಸರು ಬೇಡ, ನಾಳೆಯೂ ಅವರ ಗೇಟಿನ ಮುಂದೆ ನಿಲ್ಲಬೇಕು) ಹಣ ಬರಲು ನಾಲ್ಕು ತಿಂಗಳು ಹಿಡಿಯುತ್ತದೆ. ದೂರು ಕೊಡಲು ವ್ಯವಸ್ಥೆ ಇದೆ. ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಇರುವುದಿಲ್ಲ. ಆ ನಾಲ್ಕು ತಿಂಗಳು ಉಕ್ಕಿನ ಅಂಗಡಿಯವನಿಗೆ, ಕರೆಂಟಿಗೆ, ಸಂಬಳಕ್ಕೆ ಸಾಲ ಮಾಡುವವನು ನಾನು. ಅಂದರೆ ಸಣ್ಣವನು ಬಡ್ಡಿ ಕಟ್ಟಿ ದೊಡ್ಡವನಿಗೆ ಬಂಡವಾಳ ಒದಗಿಸುತ್ತಿದ್ದಾನೆ. ಈ ಸ್ಥಿತಿಯಲ್ಲಿ ಹೊಸ ಸಿ.ಎನ್.ಸಿ. (ಕಂಪ್ಯೂಟರ್ ನಿಯಂತ್ರಿತ) ಯಂತ್ರ ತರಲು ಧೈರ್ಯ ಎಲ್ಲಿಂದ ಬರಬೇಕು?

ಇನ್ನೊಂದು ಸಂಗತಿ ನೆನಪಾಗುತ್ತದೆ. ಜಿ.ಎಸ್.ಟಿ. ಬರುವ ಮೊದಲು ವರ್ಷಕ್ಕೆ ಒಂದೂವರೆ ಕೋಟಿ ವಹಿವಾಟಿನವರೆಗೆ ಸಣ್ಣ ಘಟಕಕ್ಕೆ ಕೇಂದ್ರ ಅಬಕಾರಿ ಸುಂಕದಿಂದ, ಅಂದರೆ ತಯಾರಿಸಿದ ಸರಕಿನ ಮೇಲಿನ ತೆರಿಗೆಯಿಂದ, ವಿನಾಯಿತಿ ಇತ್ತು. ನಮ್ಮ ಪಕ್ಕದ ಶೆಡ್ಡಿನ ಬಾಗಿಲ ಮೇಲೆ ಆಗ ಮೂರು ಬೋರ್ಡುಗಳಿದ್ದವು: ಒಂದು ಮಾಲೀಕರ ಹೆಸರಿನಲ್ಲಿ, ಒಂದು ಅವರ ಹೆಂಡತಿಯ ಹೆಸರಿನಲ್ಲಿ, ಒಂದು ಭಾಮೈದನ ಹೆಸರಿನಲ್ಲಿ. ಒಳಗೆ ಒಂದೇ ಶೆಡ್ಡು, ಒಂದೇ ಮೇಸ್ತ್ರಿ, ಒಂದೇ ಚಹಾದ ಕೆಟಲ್. ಬೆಳೆದವನಿಗೆ ಸುಂಕ, ಒಡೆದುಕೊಂಡವನಿಗೆ ವಿನಾಯಿತಿ ಎಂದರೆ ಜನ ಒಡೆದುಕೊಳ್ಳುತ್ತಾರೆ. ಸುಂಕ ಹೋಗಿ ಎಷ್ಟೋ ವರ್ಷವಾಯಿತು; ಒಡೆದುಕೊಂಡವರು ಮತ್ತೆ ಕೂಡಿಕೊಳ್ಳಲಿಲ್ಲ.

ಪ್ರತಿಕ್ರಿಯೆ 3: ಢಾಕಾದಲ್ಲಿ ಆರು ವರ್ಷ ಮರ್ಚಂಡೈಸರ್ ಆಗಿದ್ದವನು, ಈಗ ದೊಡ್ಡಬಳ್ಳಾಪುರದಲ್ಲಿ

ಬಾಂಗ್ಲಾದೇಶದ ಮಾತು ಬಂದದ್ದರಿಂದ ನಾನು ನೋಡಿದ್ದನ್ನು ಹೇಳುತ್ತೇನೆ. ಅಲ್ಲಿನ ಗಾರ್ಮೆಂಟ್ಸ್ ಕಥೆ 1979ರಲ್ಲಿ ಆರಂಭವಾಗುತ್ತದೆ. ದೇಶ್ ಗಾರ್ಮೆಂಟ್ಸ್ ಎಂಬ ಸಂಸ್ಥೆ ಕೊರಿಯಾದ ದೇವೂ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು 130 ಜನರನ್ನು ಕೊರಿಯಾಕ್ಕೆ ತರಬೇತಿಗೆ ಕಳುಹಿಸಿತು. ಕೆಲವೇ ವರ್ಷಗಳಲ್ಲಿ ಅವರಲ್ಲಿ ಬಹುಪಾಲು ಜನ ಆ ಸಂಸ್ಥೆಯನ್ನು ಬಿಟ್ಟು ತಮ್ಮದೇ ಕಾರ್ಖಾನೆ ಆರಂಭಿಸಿದರು, ಇಲ್ಲವೇ ಹೊಸ ಕಾರ್ಖಾನೆಗಳಿಗೆ ಮ್ಯಾನೇಜರ್ ಆದರು. ಪೀಣ್ಯದ ಸರ್ ಹೇಳಿದ "ಪಕ್ಕದಲ್ಲಿ ನಿಂತವನು" ಅಲ್ಲಿ ಇಡೀ ದೇಶಕ್ಕೆ ಉದ್ಯಮ ಹಂಚಿದ ಹಾಗಾಯಿತು. ಕೊರಿಯಾದವರಿಗೆ ಅಷ್ಟು ಔದಾರ್ಯ ಏಕೆಂದರೆ, ಬಟ್ಟೆಯ ರಫ್ತಿಗೆ ಶ್ರೀಮಂತ ದೇಶಗಳು ಕೋಟಾ ಹಾಕಿದ್ದವು. ಕೊರಿಯಾದ ಕೋಟಾ ತುಂಬಿತ್ತು, ಬಾಂಗ್ಲಾದೇಶದ್ದು ಖಾಲಿ ಇತ್ತು.

ಸರ್ಕಾರ ಅಲ್ಲಿ ಎರಡು ಕೆಲಸ ಮಾಡಿತು, ಎರಡೂ ಕಾಗದದ ಕೆಲಸವೇ. ಒಂದು, ರಫ್ತಿಗೆ ಬೇಕಾದ ಬಟ್ಟೆಯನ್ನು ಸುಂಕವಿಲ್ಲದೆ ತರಿಸಿ ಬಾಂಡೆಡ್ ಗೋದಾಮಿನಲ್ಲಿ ಇಟ್ಟುಕೊಳ್ಳಲು ಬಿಟ್ಟಿತು. ಇನ್ನೊಂದು, ವಿದೇಶಿ ಖರೀದಿದಾರ ತೆರೆದ ಸಾಲಪತ್ರವನ್ನೇ (ಸರಕು ಕಳುಹಿಸಿದರೆ ಹಣ ಕೊಡುವುದಾಗಿ ಬ್ಯಾಂಕ್ ನೀಡುವ ಭರವಸೆ) ಆಧಾರವಾಗಿಟ್ಟು ಬಟ್ಟೆ ಕೊಳ್ಳಲು ಇನ್ನೊಂದು ಸಾಲಪತ್ರ ತೆರೆಯಲು ಬ್ಯಾಂಕುಗಳಿಗೆ ಅವಕಾಶ ಕೊಟ್ಟಿತು. ಬ್ಯಾಕ್ ಟು ಬ್ಯಾಕ್ ಎಲ್.ಸಿ. ಎನ್ನುತ್ತಾರೆ. ಕೈಯಲ್ಲಿ ಹಣವಿಲ್ಲದವನೂ ಆರ್ಡರ್ ಒಂದಿದ್ದರೆ ಬಟ್ಟೆ ತರಬಹುದಿತ್ತು. ಪೀಣ್ಯದ ನಾಲ್ಕು ತಿಂಗಳ ಕಾಯುವಿಕೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಢಾಕಾ ಪಕ್ಕದ ಗಾಜೀಪುರದ ಕಾರ್ಖಾನೆಯೊಂದರ ಮಹಡಿಯ ಮೇಲೆ ಮೊದಲ ದಿನ ನಿಂತಾಗ ನನಗೆ ಕಂಡದ್ದು ಉದ್ದುದ್ದದ ಲೈನುಗಳು. ಒಂದೇ ಬಗೆಯ ಜಾಕೆಟ್ ಮೂರು ತಿಂಗಳು ನಿಲ್ಲದೆ ಹೋಗುತ್ತದೆ. ಕಾಲರ್ ಕೂರಿಸುವವಳು ಮೂರು ತಿಂಗಳೂ ಕಾಲರನ್ನೇ ಕೂರಿಸುತ್ತಾಳೆ, ಹತ್ತನೇ ದಿನಕ್ಕೆ ಅವಳ ಕೈ ಓಡುವ ವೇಗವೇ ಬೇರೆ. ನಮ್ಮಲ್ಲಿ ಆರ್ಡರ್ ಚಿಕ್ಕದು, ಸ್ಟೈಲ್ ಬೇಗ ಬದಲಾಗುತ್ತದೆ. ಟೈಲರ್ ಕಲಿತು ಕೈ ಕುದುರುವ ಹೊತ್ತಿಗೆ ಲೈನ್ ಬದಲು. ಉತ್ಪಾದಕತೆಯ ವ್ಯತ್ಯಾಸ ಎಂದು ಅರ್ಥಶಾಸ್ತ್ರಜ್ಞರು ಹೇಳುವುದರಲ್ಲಿ ಒಂದು ಪಾಲು ಇದು. ನಮ್ಮ ಹೆಣ್ಣುಮಕ್ಕಳ ಕೈ ನಿಧಾನವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಜೊತೆಗೆ, ಹೊರದೇಶದ ಪೇಟೆ ಈಗ ಹೆಚ್ಚಾಗಿ ಕೃತಕ ನೂಲಿನ ಬಟ್ಟೆ ಕೇಳುತ್ತದೆ, ನಾವು ಹತ್ತಿಯವರು. 2025ರ ಸೆಪ್ಟೆಂಬರ್‌ವರೆಗೂ ನಮ್ಮಲ್ಲಿ ಕೃತಕ ನಾರಿಗೆ ಶೇ 18, ಅದರ ನೂಲಿಗೆ ಶೇ 12, ಬಟ್ಟೆಗೆ ಶೇ 5 ಜಿ.ಎಸ್.ಟಿ. ಇತ್ತು. ಬುಡಕ್ಕೆ ಹೆಚ್ಚು ತೆರಿಗೆ, ತುದಿಗೆ ಕಡಿಮೆ. ನಡುವಿನವನ ಹಣ ಮರುಪಾವತಿಗೆ ಕಾಯುತ್ತ ಸರ್ಕಾರದ ಖಾತೆಯಲ್ಲಿ ಕೂರುತ್ತಿತ್ತು.

ಹಾಗೆಂದು ಬಾಂಗ್ಲಾದೇಶದ ರಚನೆಯನ್ನು ಮಾದರಿ ಎಂದು ತರಗತಿಯಲ್ಲಿ ಹೇಳಬೇಡಿ ಮೇಡಂ. ಅವರ ರಫ್ತಿನಲ್ಲಿ ಶೇ 80ಕ್ಕಿಂತ ಹೆಚ್ಚು ಒಂದೇ ಸರಕು. ನಲವತ್ತು ವರ್ಷ ಕಳೆದರೂ ಉಡುಪಿನಿಂದ ಮುಂದಿನ ಮೆಟ್ಟಿಲಿಗೆ, ಅಂದರೆ ಯಂತ್ರ, ಎಲೆಕ್ಟ್ರಾನಿಕ್ಸ್ ಇಂಥವಕ್ಕೆ, ಅವರು ಏರಿಲ್ಲ. ಹೊಲಿಗೆ ಯಂತ್ರ ಹೊರಗಿನದು, ಹತ್ತಿ ಹೊರಗಿನದು. 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು, ಆದರೂ ಟಾರ್ಗೆಟ್ ಮುಟ್ಟಿಸಲು ಕಾರ್ಮಿಕರನ್ನು ಒಳಗೆ ಕರೆದಿದ್ದರು. ಕಡಿಮೆ ಬೆಲೆಯೊಂದನ್ನೇ ನಂಬಿದ ಉದ್ಯಮಕ್ಕೆ ಕಟ್ಟಡದ ಖರ್ಚೂ ಹೊರೆಯಾಗಿ ಕಾಣುತ್ತದೆ. ಈಗ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಅವರು ಹೊರಬರುವ ದಿನವನ್ನು ವಿಶ್ವಸಂಸ್ಥೆ 2026ರ ನವೆಂಬರ್‌ಗೆ ಗೊತ್ತುಮಾಡಿದೆ; ಆ ಪಟ್ಟಿಯಲ್ಲಿದ್ದುದರಿಂದ ಸಿಗುತ್ತಿದ್ದ ಸುಂಕರಹಿತ ಪ್ರವೇಶ ಮುಂದೆ ಹಂತಹಂತವಾಗಿ ಕೈತಪ್ಪುತ್ತದೆ.

ಮತ್ತೆ ಪ್ರಶ್ನೆ: ತುಮಕೂರು ಕಡೆಯ ಉಪನ್ಯಾಸಕಿ

ಮೂವರಿಗೂ ಧನ್ಯವಾದಗಳು. ಒಂದು ಉಪಪ್ರಶ್ನೆ ಉಳಿಯುತ್ತದೆ. ತರಗತಿಯಲ್ಲಿ ಈ ಚರ್ಚೆ ಎತ್ತಿದರೆ ಮಕ್ಕಳು ಕೂಡಲೇ ಹೇಳುವುದು, "ನಮಗೆ ಸಾಫ್ಟ್‌ವೇರ್ ಇದೆಯಲ್ಲ ಮೇಡಂ, ಕಾರ್ಖಾನೆ ಏಕೆ ಬೇಕು?" ಎಂದು. ಬಳ್ಳಾರಿ ಕಡೆಯ ಹುಡುಗಿಯೊಬ್ಬಳು ಅದಿರನ್ನೂ ಸೇರಿಸಿದಳು. ಕಾರ್ಖಾನೆಯನ್ನು ದಾಟಿ ಸೇವೆಯಿಂದಲೋ ಗಣಿಯಿಂದಲೋ ನೇರ ಮೇಲೇರಲು ಸಾಧ್ಯವಿಲ್ಲವೇ?

ಪ್ರತಿಕ್ರಿಯೆ 4: ಹೊಸಪೇಟೆಯ ಹವ್ಯಾಸಿ ಪತ್ರಕರ್ತ

ಅದಿರಿನ ಭಾಗಕ್ಕೆ ನಾನು ಉತ್ತರಿಸಬಲ್ಲೆ. ಚೀನಾದ ಉಕ್ಕಿನ ಕುಲುಮೆಗಳ ಹಸಿವು ಏರಿದ ಆ ವರ್ಷಗಳಲ್ಲಿ ನಮ್ಮ ಕಡೆ ರಸ್ತೆ ದಾಟಬೇಕಾದರೆ ಅರ್ಧ ಗಂಟೆ ನಿಲ್ಲಬೇಕಿತ್ತು. ಸಂಡೂರಿನಿಂದ ಬಂದರಿನ ಕಡೆಗೆ ಲಾರಿಯ ಹಿಂದೆ ಲಾರಿ. ಒಣಗಲು ಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಾಗುತ್ತಿತ್ತು. ಹೊಲ ಮಾರಿ, ಸಾಲ ಮಾಡಿ ಲಾರಿ ಕೊಂಡವರು ಊರೂರಿಗೆ ಇದ್ದರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಅಕ್ರಮ ನಡೆದಿತ್ತು, ತಡೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಂತ ಲಾರಿಗಳ ಟೈರಿನ ಮೇಲೆ ಜಾಲಿ ಬೆಳೆದದ್ದನ್ನು ನೋಡಿದಾಗ ಅಷ್ಟು ವರ್ಷದ ಹಣದ ಹೊಳೆ ನಮ್ಮ ನೆಲದಲ್ಲಿ ಯಾವ ಬೇರನ್ನೂ ಬಿಡಲಿಲ್ಲ ಎನಿಸಿತು. ಅದಿರು ಅಗೆಯುವವನಿಗೆ ಬೇಕಾದದ್ದು ಅಗೆಯುವ ಯಂತ್ರ, ಲಾರಿ, ಡೀಸೆಲ್. ಮೂರೂ ಬೇರೆ ಕಡೆಯವು. ಅಗೆದದ್ದನ್ನು ಕರಗಿಸುವವರೂ ಬೇರೆ ದೇಶದವರು. ತೋರಣಗಲ್ಲಿನಲ್ಲಿ ಅದೇ ಅದಿರು ಉಕ್ಕಾಗುವ ಕಡೆ ರಿಪೇರಿ ವರ್ಕ್‌ಶಾಪ್, ಫ್ಯಾಬ್ರಿಕೇಶನ್ ಶೆಡ್ಡುಗಳು ಹುಟ್ಟಿವೆ, ನಮ್ಮ ಹುಡುಗರು ವೆಲ್ಡಿಂಗ್ ಕಲಿತಿದ್ದಾರೆ. ಗಣಿ ಮುಚ್ಚಿದರೂ ವೆಲ್ಡರ್ ಬೇರೆ ಊರಿಗೆ ಹೋಗಿ ಬದುಕಬಲ್ಲ.

ಪ್ರತಿಕ್ರಿಯೆ 5: ಧಾರವಾಡದ ನಿವೃತ್ತ ಸಂಶೋಧಕ

ಪೀಣ್ಯದವರ ತಿದ್ದುಪಡಿಯನ್ನು ಒಪ್ಪುತ್ತೇನೆ. ನೂರರ ಗೆರೆಗೆ ನಾನು ಕೊಟ್ಟ ತೂಕ ಹೆಚ್ಚಾಯಿತು; ಇಪ್ಪತ್ತರ ಈಚೆ ನಿಂತವನಿಗೆ ನೂರರ ಚಿಂತೆ ಇರುವುದಿಲ್ಲ.

ಸಾಫ್ಟ್‌ವೇರ್ ಬಗ್ಗೆ ಒಂದು ಮಾತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅದರ ಸರಕು ಉಪಗ್ರಹದ ಮೂಲಕ ಹೊರಗೆ ಹೋಯಿತು. ಬಂದರು ಬೇಕಿರಲಿಲ್ಲ, ಲಾರಿ ಬೇಕಿರಲಿಲ್ಲ, ಸುಂಕದ ಕಟ್ಟೆಯಲ್ಲಿ ಕಾಯಬೇಕಿರಲಿಲ್ಲ, ಕರೆಂಟ್ ಹೋದರೆ ಜನರೇಟರ್ ಸಾಕಾಗುತ್ತಿತ್ತು. ಕಾರ್ಖಾನೆಯ ಕಾಲು ಕಟ್ಟಿಹಾಕಿದ ಪ್ರತಿಯೊಂದು ಹಗ್ಗದಿಂದಲೂ ಈ ಉದ್ಯಮ ತಪ್ಪಿಸಿಕೊಂಡಿತು. ನಮ್ಮ ಬೆಳವಣಿಗೆಗೆ ಈ ಆಕಾರ ಬಂದದ್ದು ಯಾರೋ ಸೇವಾ ವಲಯವೇ ಉತ್ತಮವೆಂದು ಆರಿಸಿದ್ದರಿಂದಲ್ಲ. ಅಡ್ಡಿಗಳ ನಡುವೆ ನುಸುಳಿಹೋಗಲು ಸಾಧ್ಯವಿದ್ದದ್ದು ಅದೊಂದೇ ಆಗಿತ್ತು. ನೇರವಾಗಿ ಅದರಲ್ಲಿ ದುಡಿಯುವವರು 2023–24ರಲ್ಲಿ ಇಡೀ ದೇಶದಲ್ಲಿ ಸುಮಾರು 54 ಲಕ್ಷ. ಒಟ್ಟು ದುಡಿಯುವವರಲ್ಲಿ ಶೇ 1ನ್ನೂ ಮುಟ್ಟುವುದಿಲ್ಲ. ಹತ್ತನೇ ತರಗತಿಯಲ್ಲಿ ಓದು ಬಿಟ್ಟವನಿಗೆ ಅಲ್ಲಿ ಕುರ್ಚಿ ಇಲ್ಲ.

ಆದರೆ ಆ ಸಂಬಳ ಖರ್ಚಾಗುವ ಕಡೆ ಅವನಿಗೆ ಕೆಲಸವಿದೆ: ಕ್ಯಾಬ್, ಕಾವಲು, ಕಟ್ಟಡ, ಊಟದ ಪೊಟ್ಟಣ. ಮೇಡಂ, ನಿಮ್ಮ ವಿದ್ಯಾರ್ಥಿಯ ಅಣ್ಣ ಇರುವುದು ಇಲ್ಲಿ. ಸಾಫ್ಟ್‌ವೇರ್ ಮತ್ತು ಪೊಟ್ಟಣ ತಲುಪಿಸುವುದು ಎರಡನ್ನೂ ನಾವು ಸೇವಾ ವಲಯ ಎಂಬ ಒಂದೇ ಚೀಲಕ್ಕೆ ಹಾಕುವುದರಿಂದಲೇ ಗೊಂದಲ. ಕಾಲರ್ ಹೊಲಿಯುವವಳ ಕೈ ಹತ್ತು ದಿನಕ್ಕೆ ಚುರುಕಾಗುತ್ತದೆ, ಯಂತ್ರ ಬದಲಾದರೆ ಇನ್ನೂ ಚುರುಕಾಗುತ್ತದೆ, ಅವಳ ಸರಕಿಗೆ ಜಗತ್ತೇ ಪೇಟೆ. ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್ 1966ರಲ್ಲಿ ತಯಾರಿಕಾ ವಲಯವನ್ನು ಬೆಳವಣಿಗೆಯ ಎಂಜಿನ್ ಎಂದು ವಾದಿಸಿದ್ದು ಈ ಗುಣಕ್ಕಾಗಿಯೇ: ಉತ್ಪಾದನೆ ಹೆಚ್ಚಿದಂತೆ ಉತ್ಪಾದಕತೆಯೂ ತಾನೇ ಹೆಚ್ಚುತ್ತದೆ. ಬೈಕಿನವನು ಹತ್ತು ವರ್ಷ ಓಡಿಸಿದರೂ ಗಂಟೆಗೆ ತಲುಪಿಸುವ ಪೊಟ್ಟಣಗಳ ಸಂಖ್ಯೆ ಟ್ರಾಫಿಕ್ ಬಿಟ್ಟಷ್ಟೇ, ಅವನ ಪೇಟೆ ಆ ನಾಲ್ಕು ಬಡಾವಣೆಯಷ್ಟೇ. ಅವನ ಒಂದು ಕಾಲು ಹೊಲದಲ್ಲೇ ಇದೆ, ಏಕೆಂದರೆ ನಗರದಲ್ಲಿಟ್ಟ ಕಾಲಿಗೆ ನೆಲ ಸಿಕ್ಕಿಲ್ಲ. ಶ್ರೀಮಂತರಾಗುವ ಮೊದಲೇ ದೇಶಗಳು ಕಾರ್ಖಾನೆಯಿಂದ ಹಿಂದೆ ಸರಿಯುವ ಇಂಥ ಸ್ಥಿತಿಯನ್ನು ಅರ್ಥಶಾಸ್ತ್ರಜ್ಞ ಡ್ಯಾನಿ ರೋಡ್ರಿಕ್ ಅಕಾಲಿಕ ಕೈಗಾರಿಕಾ ಇಳಿಕೆ ಎಂದು ಕರೆದರು. ಲ್ಯಾಟಿನ್ ಅಮೆರಿಕದಲ್ಲೂ ಇದೇ ಆಗಿದೆ. 2011ರ ತಯಾರಿಕಾ ನೀತಿ ದೇಶದ ಒಟ್ಟು ಉತ್ಪನ್ನದಲ್ಲಿ ತಯಾರಿಕಾ ವಲಯದ ಪಾಲನ್ನು 2022ರೊಳಗೆ ಶೇ 25ಕ್ಕೆ ಏರಿಸುವ ಗುರಿ ಹಾಕಿತ್ತು. ಪಾಲು ಶೇ 17ನ್ನೂ ದಾಟಲು ತಿಣುಕುತ್ತಿದೆ.

ನರಸಾಪುರ, ದೇವನಹಳ್ಳಿ ಕಡೆಯ ಮೊಬೈಲ್ ಜೋಡಣೆ ಘಟಕಗಳಲ್ಲಿ ಈಗ ಸಾವಿರಾರು ಹೆಣ್ಣುಮಕ್ಕಳು ಒಂದೇ ಸೂರಿನಡಿ ದುಡಿಯುತ್ತಿದ್ದಾರೆ. ಅದು ನಾನು ನಲವತ್ತು ವರ್ಷದಿಂದ ಕಾಯುತ್ತಿದ್ದ ದೃಶ್ಯ. ಆದರೆ ಅಲ್ಲಿಗೆ ಬೇಕಾದ ತಿರುಪು, ಅಚ್ಚು, ಕನೆಕ್ಟರ್‌ಗಳ ಆರ್ಡರ್ ಪೀಣ್ಯಕ್ಕೆ ಬಂದಿದೆಯೇ ಎಂಬುದನ್ನು ಪೀಣ್ಯದವರೇ ಹೇಳಬೇಕು.

ಪ್ರತಿಕ್ರಿಯೆ 6: ಪೀಣ್ಯದ ವರ್ಕ್‌ಶಾಪ್ ಮಾಲೀಕ

ನನಗಂತೂ ಬಂದಿಲ್ಲ ಸರ್. ವಿಚಾರಿಸಿದೆ. ಅವರು ಕೇಳುವ ಪ್ರಮಾಣಕ್ಕೆ ನನ್ನ ನಾಲ್ಕು ಯಂತ್ರ ಸಾಲುವುದಿಲ್ಲ, ನಲವತ್ತು ಯಂತ್ರ ಹಾಕಲು ಆರ್ಡರ್ ಖಚಿತವಿಲ್ಲ. ನಮ್ಮ ರಸ್ತೆಯಲ್ಲಿ ಐದಾರು ಜನ ಸೇರಿ ಒಂದೇ ಹೆಸರಿನಲ್ಲಿ ದರಪಟ್ಟಿ ಕೊಡೋಣವೆಂದು ಎರಡು ಸಲ ಸಭೆ ಸೇರಿದೆವು. ಯಂತ್ರ ಯಾರ ಶೆಡ್ಡಿನಲ್ಲಿರಬೇಕು ಎಂಬಲ್ಲಿಗೆ ಮಾತು ನಿಂತಿದೆ.

ಉಪನ್ಯಾಸಕಿ

ಸರ್, ಸಾಧ್ಯವಾದರೆ ಮುಂದಿನ ತಿಂಗಳು ನನ್ನ ವಿದ್ಯಾರ್ಥಿಗಳನ್ನು ನಿಮ್ಮಲ್ಲಿಗೆ ಕರೆತರಬಹುದೇ? ಒಟ್ಟು ನಲವತ್ತೆರಡು ಮಂದಿ ಇದ್ದಾರೆ.

ಪೀಣ್ಯದ ವರ್ಕ್‌ಶಾಪ್ ಮಾಲೀಕ

ಅಗತ್ಯವಾಗಿ ಬನ್ನಿ ಮೇಡಂ. ಆದರೆ ಮೂರು ತಂಡ ಮಾಡಿಕೊಂಡು ಬನ್ನಿ. ನಲವತ್ತೆರಡು ಜನ ಒಟ್ಟಿಗೆ ನಿಲ್ಲಲು ನಮ್ಮ ಶೆಡ್ಡಿನಲ್ಲಿ ಜಾಗವಿಲ್ಲ. ಆ ಹುಡುಗನ ಅಣ್ಣ ಊರಿನಿಂದ ವಾಪಸ್ ಬಂದಿದ್ದರೆ ಅವನನ್ನೂ ಕರೆತನ್ನಿ, ಗ್ರೈಂಡಿಂಗ್‌ಗೆ ಒಬ್ಬ ಹುಡುಗ ಬೇಕಾಗಿದ್ದಾನೆ. ಹತ್ತೊಂಬತ್ತನೆಯವನಾಗುತ್ತಾನೆ.